ಬೋರ್ಡು ಬರೆದ ಸಾಬರು

ಗುಂಡ್ಲುಪೇಟೆಯಲ್ಲಿ ಬೋರ್ಡು ಬರೆಯೋ ಸಾಬರೊಬ್ಬರಿದ್ದರು. ಇಂಗ್ಲಿಷು ಬರೆಯೋವಾಗ, “ಹೆಸರಿಗೆ ದೊಡ್ಡಕ್ಷರ, ಒಂದಕ್ಕಿಂತ ಜಾಸ್ತಿಗೆ ಬಾಲ” ಅಂತ ಗೊಣಗೋರು. ಕೇರಳದ ಕಾರುಗಳು ನಿಲ್ಲಲಿ ಅಂತ ನಮ್ಮ ಎಳನೀರಂಗಡಿಗೆ ಕರೆಸಿದೆ. ಎಳನೀರಿಗೆ ಕೊನೇಲಿ ಎಸ್ ಅನ್ನೋ ಬಾಲ ಹಾಕಿದರು.

“ಸಂಜೆಗೆ ಒಂದೇ ಉಳಿದ್ರೆ ಬಾಲ ಕೀಳ್ತೀರಾ?” ಅಂದೆ.

“ಬೋರ್ಡು ಎಣಿಸಲ್ಲ ಕಣಮ್ಮ.”

ನನಗೆ ತಲೆಬುಡ ತಿಳಿಯಲಿಲ್ಲ.

“ಇನ್ನು ಅಂಗಡಿ ಹೆಸರು. ಯಜಮಾನ್ರ ಹೆಸರು ಹೇಳಿ.”

ಗಂಡನ ಹೆಸರು ನಾನು ಬಾಯಲ್ಲಿ ಹೇಳೋಳಲ್ಲ. ಬಣ್ಣ ಒಣಗುತ್ತಿತ್ತು.

“ನಿಮ್ಮದಾದ್ರೂ ಹೇಳಮ್ಮ.”

ಹೇಳಿದೆ. ಅದನ್ನೇ ಬರೆದುಬಿಟ್ಟರು.

ಗಂಡ ಬಂದು ಓದಿದ. “ಅಂಗಡಿ ಯಾರ್ದಮ್ಮಿ? ಅಳಿಸ್ರೀ ಸಾಬ್ರೇ” ಅಂತ ರೇಗಿದ.

“ಅಳಿಸಿದ್ರೆ ಬೋರ್ಡು ಕೆಡ್ತದೆ ಯಜಮಾನ್ರೇ. ಕೆಳಗಡೆ ನಿಮ್ಮದೂ ಸಣ್ಣಕ್ಕೆ ಬರೀಲಾ?”

ಬೇಡ ಅಂದ.