ಗೋಡೆಯಂಥ ಮುಖ

ಉಪ್ಪಳದ ರೈಲ್ವೆ ಸ್ಟೇಷನ್ನಿಗೆ ತಾಗಿದಂತೆ ಒಂದು ಒಣಮೀನಿನ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ಇಸ್ಪೀಟು ಆಡುತ್ತಿದ್ದೆವು. ಸ್ವಾತಂತ್ರ್ಯ ಬಂದು ಮೂರೋ ನಾಲ್ಕೋ ವರ್ಷ ಆಗಿದ್ದ ಕಾಲ. ನಾನು ಮಂಗಲ್ಪಾಡಿಯ ಒಂದು ಎಲಿಮೆಂಟರಿ ಶಾಲೆಯಲ್ಲಿ ಮಾಷ್ಟ್ರು. ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ, ನನ್ನಷ್ಟು ಬುದ್ಧಿವಂತ ಆ ಸೀಮೆಯಲ್ಲಿಯೇ ಇಲ್ಲವೆಂಬ ನಂಬಿಕೆ ಬೇರೆ.

ಅಂಗಡಿಯ ಸಾವ್ಕಾರ್ರು ಬ್ಯಾರಿಗಳು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ನಮಾಜು ತಪ್ಪಿಸಿದವರಲ್ಲ. ದುಡ್ಡು ಕಟ್ಟಿ ಆಡುವುದು ಅವರಿಗೆ ನಿಷಿದ್ಧ. ಆದ್ದರಿಂದ ನಮ್ಮ ಪಣವೆಲ್ಲ ಗೇರುಬೀಜ. ಆಟ ಮುಗಿದ ಮೇಲೆ ಗೆದ್ದವನು ಅಂಗಡಿಯ ಹಿಂದೆ ತೆಂಗಿನ ಗೆರಟೆಯ ಬೆಂಕಿ ಹಾಕಿ, ಗೆದ್ದ ಬೀಜವನ್ನೆಲ್ಲ ಹುರಿದು, ಒಡೆದು, ಸೋತವರಿಗೆ ಹಂಚಬೇಕು. ಗೆದ್ದವನಿಗೆ ಸಿಗುತ್ತಿದ್ದುದು ಕಣ್ಣಿಗೆ ಹೊಗೆ, ಬೀಜದ ಎಣ್ಣೆ ಸಿಡಿದು ಸುಲಿದ ಕೈ ಮತ್ತು ಎಲ್ಲರ ಚೇಷ್ಟೆ. ಸ್ಟೇಷನ್ನಿನ ಪೋರ್ಟರನೂ ನಮ್ಮೊಂದಿಗೆ ಕೂರುತ್ತಿದ್ದ. ರೈಲು ಬರುವ ಹೊತ್ತಿಗೆ ಎಲೆ ಕೆಳಗಿಟ್ಟು ಓಡುತ್ತಿದ್ದ.

ಆ ವರ್ಷ ಮಾಗಿಯ ಚಳಿಯಲ್ಲಿ ನಮ್ಮ ನಡುವೆ ಇನ್ನೊಬ್ಬರು ಬಂದು ಕುಳಿತರು. ಹಡಗಿನಲ್ಲಿ ಬಟ್ಲರ್ ಆಗಿದ್ದು, ಆ ಕೆಲಸ ಬಿಟ್ಟು ಬೊಂಬಾಯಿಯಲ್ಲಿ ಇಸ್ಪೀಟಿನಲ್ಲಿಯೇ ಜೀವನ ಮಾಡುತ್ತಿದ್ದವರು. ತಂಗಿಯ ಮನೆಗೆಂದು ಊರಿಗೆ ಬಂದಿದ್ದರು. ಹಡಗಿನವರು ಎಂದೇ ನಾವು ಅವರನ್ನು ಕರೆಯುತ್ತಿದ್ದುದು. ಬಿಳಿ ಷರಟು, ಕತ್ತರಿಸಿದ ಉಗುರು, ಗೋಡೆಗೆ ಬೆನ್ನು ಕೊಟ್ಟಲ್ಲದೆ ಕೂರುತ್ತಿರಲಿಲ್ಲ. ನಗುವವರ ಮಧ್ಯೆ ಕುಳಿತು ನಗದೆ ಇರಬಲ್ಲ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

ಮೊದಲ ದಿನ ಅವರು ನಮ್ಮ ಎಲೆಕಟ್ಟನ್ನು ಬೆನ್ನು ಮೇಲಾಗಿ ಚಾಪೆಯ ಮೇಲೆ ಹರಡಿದರು. ಹುರಿದ ಬೀಜದ ಕೈಯಲ್ಲೇ ಮುಟ್ಟಿ ಮುಟ್ಟಿ ಎಲೆಗಳ ಮೇಲೆಲ್ಲ ಕಪ್ಪು ಕಲೆ ಕೂತಿತ್ತು. ಹಡಗಿನವರು ಒಂದೊಂದನ್ನೇ ಬೆರಳಲ್ಲಿ ತೋರಿಸಿದರು. “ಇದು ಇಸ್ಪೀಟ್ ಎಕ್ಕ. ಇದು ಆಟಿನ್ ರಾಣಿ. ಇದು ಹತ್ತು.” ತಿರುಗಿಸಿ ನೋಡಿದರೆ ಒಂದೂ ತಪ್ಪಿರಲಿಲ್ಲ.

ಸಾವ್ಕಾರ್ರು ಎಲೆಯಡಿಕೆ ತುಂಬಿದ ಬಾಯಲ್ಲೇ ನಕ್ಕರು. “ನಮಗೂ ಗೊತ್ತುಂಟು ಮಾರಾಯ್ರೆ. ನಾವು ನೋಡುವುದಿಲ್ಲ, ಅಷ್ಟೆ.”

ಹಡಗಿನವರು ಅವರನ್ನು ಕಾಯಿಲೆಯವರನ್ನು ನೋಡುವಂತೆ ನೋಡಿದರು. ಮುಂದಿನ ವಾರ ಹೊಸ ಕಟ್ಟು ತಂದು, ಪೋಕರ್ ಎಂಬ ಹೊಸ ಆಟ ಕಲಿಸಿದರು. ಐದೈದು ಎಲೆ. ಬೇಡದ್ದನ್ನು ಒಮ್ಮೆ ಬದಲಿಸಬಹುದು. ಮತ್ತೆ ಪಣ ಏರಿಸುತ್ತ ಹೋಗಬೇಕು, ಇಲ್ಲವೇ ಎಲೆ ಕೆಳಗಿಟ್ಟು ಬಿಡಬೇಕು. ಕೈಯಲ್ಲಿ ಏನೂ ಇಲ್ಲದವನೂ ಎದುರಿನವರನ್ನು ಹೆದರಿಸಿ ಗೆಲ್ಲಬಹುದು. ನಮ್ಮ ಬಾಯಲ್ಲಿ ಅದು ಐದೆಲೆ ಆಟವಾಯಿತು.

ಆ ಆಟ ನನಗೆ ಎಷ್ಟು ಬೇಗ ಒಲಿಯಿತೆಂದರೆ ನನಗೇ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಯಾವ ಹುಡುಗ ಪಾಠ ಬರೆಯದೆ ಬಂದು ಬರೆದಿದ್ದೇನೆ ಎನ್ನುತ್ತಾನೆಂದು ಕಣ್ಣು ನೋಡಿ ಹೇಳುತ್ತಿದ್ದವನಲ್ಲವೇ ನಾನು? ಪೋರ್ಟರನ ಕೈಯಲ್ಲಿ ಒಳ್ಳೆಯ ಎಲೆ ಬಂದರೆ ಅವನ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ಸಾವ್ಕಾರ್ರದ್ದು ಬಾಯಿ. ಸದಾ ಜಗಿಯುತ್ತಿದ್ದ ಆ ಬಾಯಿ, ಒಳ್ಳೆಯ ಎಲೆ ಬಂದೊಡನೆ ನಿಂತುಬಿಡುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಒಂದು ದಿನ ಅಂಗಡಿಯಿಂದ ಹೊರಬಂದೊಡನೆ ಹಡಗಿನವರು ಕೇಳಿದರು. “ಸಾವ್ಕಾರ್ರ ಬಾಯಿ ನೋಡಿದ್ರಲ್ಲ ಮಾಷ್ಟ್ರೇ?”

“ನೋಡಿದೆ.”

“ನನಗೆ ಅದು ತಿಳೀಲಿಕ್ಕೆ ಎರಡು ದಿನ ಬೇಕಾಯ್ತು. ನಿಮಗೆ?”

“ಮೊದಲ ದಿನವೇ.”

ಅವರು ನಿಂತು ನನ್ನ ಮುಖವನ್ನು ನೋಡಿದರು. “ನಿಮ್ಮ ಕಣ್ಣು ಒಳ್ಳೇದುಂಟು. ಮುಖ ಸರಿಯಿಲ್ಲ. ಮುಖ ನಾನು ಕಲಿಸ್ತೇನೆ.”

ಹಾಗೆ ನನಗೆ ಮುಖ ಕಲಿಸಿದರು. ಯಾರಾದರೂ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಹುಬ್ಬು ಏಳಬಾರದು, ತುಟಿ ಬಿಗಿಯಬಾರದು, ಉಸಿರು ಬದಲಾಗಬಾರದು. “ಗೋಡೆಯ ಹಾಗೆ,” ಎನ್ನುತ್ತಿದ್ದರು. ನಾನು ಮನೆಯಲ್ಲಿ ಕನ್ನಡಿಯ ಮುಂದೆ ಕುಳಿತು ಅಭ್ಯಾಸ ಮಾಡಿದೆ. ಅಮ್ಮ ಎರಡು ಸಲ ಕರೆದರೂ ಓಗೊಡದೆ ಗೋಡೆಯಾಗಿ ಕುಳಿತಿದ್ದೆ. ಅವಳು ಒಳಬಂದು ನೋಡಿ ಒಂದು ಹೆಜ್ಜೆ ಹಿಂದೆ ಹೋದಳು. “ಎಂತ ಮಗಾ ಇದು? ನಿನ್ನ ಮುಖ ನೋಡಿದ್ರೆ ಹೆದರಿಕೆ ಆಗ್ತದೆ.” ನಾನು ಅದನ್ನು ಹೊಗಳಿಕೆಯೆಂದು ತೆಗೆದುಕೊಂಡೆ.

ಬೇಸಿಗೆ ರಜೆ ಬಂತು. ಹಡಗಿನವರು ನನ್ನನ್ನು ಮಂಗಳೂರಿನ ಬಂದರದ ಹತ್ತಿರ ಒಂದು ಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಗೇರುಬೀಜ ಇರಲಿಲ್ಲ. ನಾಲ್ಕು ಶನಿವಾರ ಹೋದೆ, ನಾಲ್ಕೂ ಸಲ ಗೆದ್ದೆ. ಒಂದು ಹಗಲಿನಲ್ಲಿ ಕೈಗೆ ಬಂದದ್ದು ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು ಎಂದರೆ ಸಾಕು. ಅಲ್ಲಿ ನನ್ನ ಎದುರು ಕುಳಿತವರ ಒಂದು ಮುಖವೂ ಈಗ ನೆನಪಿಲ್ಲ. ಅವರ ಬೆರಳು, ಗಂಟಲಿನ ಮಣಿ, ಕಣ್ಣಿನ ರೆಪ್ಪೆ ನೆನಪಿದೆ.

ಮೇ ತಿಂಗಳ ನಡುವಿನಲ್ಲಿ ಹಡಗಿನವರು ವಿಷಯಕ್ಕೆ ಬಂದರು. ಮಳೆಗಾಲಕ್ಕೆ ಮುಂಚಿನ ಕೊನೆಯ ಸ್ಟೀಮರಿನಲ್ಲಿ ಅವರು ಬೊಂಬಾಯಿಗೆ ಹೋಗುವವರು, ನಾನೂ ಬರಬೇಕು. ಒಂದೇ ಮೇಜಿನಲ್ಲಿ ಗುರುತಿಲ್ಲದವರ ಹಾಗೆ ಕೂರುವುದು, ಬಂದದ್ದರಲ್ಲಿ ಅರ್ಧರ್ಧ. “ಶಾಲೆಗೆ ಕಾಗದ ಕೊಟ್ಟು ಬನ್ನಿ. ಎರಡು ದೋಣಿಯಲ್ಲಿ ಕಾಲಿಟ್ಟವ ನನಗೆ ಬೇಡ.”

ನಾನು ದಿನಗಟ್ಟಲೆ ತೂಗಿ ನೋಡಿದೆ. ಒಂದು ಕಡೆ ಸೀಮೆಸುಣ್ಣದ ಧೂಳು, ಮಳೆಗಾಲದಲ್ಲಿ ಸೋರುವ ಕ್ಲಾಸು, ಶಾಲೆಯ ಮ್ಯಾನೇಜರರ ಮುಂದೆ ಕೈಕಟ್ಟಿ ನಿಲ್ಲುವುದು, ಹೀಗೆ ಮೂವತ್ತು ವರ್ಷ. ಇನ್ನೊಂದು ಕಡೆ ನನಗೆ ನಿಜವಾಗಿ ಬರುವ ಒಂದೇ ವಿದ್ಯೆ. ಭಾನುವಾರದ ಚಟವಾಗಿ ಇಟ್ಟುಕೊಂಡರೆ ಸಾಕೆಂದು ಒಂದು ಮನಸ್ಸು ಹೇಳಿತು. ಬರುವ ವಿದ್ಯೆಯನ್ನು ಗೇರುಬೀಜಕ್ಕೆ ಮಾರುತ್ತೀಯಾ ಎಂದು ಇನ್ನೊಂದು ಮನಸ್ಸು ಗದರಿತು.

ಸಾವ್ಕಾರ್ರ ಹತ್ತಿರ ಹೇಳಿಕೊಂಡೆ. ಅವರು ಬಂಗುಡೆ ಲೆಕ್ಕಮಾಡುತ್ತಿದ್ದವರು ನಿಲ್ಲಿಸಿದರು.

“ನಾವು ಆಡುವುದು ಕೊನೆಗೆ ಬೀಜ ಹುರಿದು ತಿನ್ಲಿಕ್ಕೆ ಮಾಷ್ಟ್ರೇ. ಅದರಲ್ಲೇ ಹೊಟ್ಟೆ ಹೊರೀಬೇಕಾದ್ರೆ ಎದುರು ಕೂತವನನ್ನೇ ತಿನ್ಬೇಕಾಗ್ತದೆ. ನಿಮ್ಮಿಂದ ಆಗುದಾ?”

“ಆಗುದಿಲ್ಲ ಅಂತ ಯಾಕೆ ಹೇಳ್ತೀರಿ?”

“ಆಗುದಿಲ್ಲ ಅಂತ ಹೇಳ್ಲಿಲ್ಲ. ನಿಮ್ಮಿಂದ ಆಗಿಬಿಟ್ರೆ ಎಂತ ಮಾಡುವುದು ಅಂತ ಕೇಳಿದೆ.”

ನನಗೆ ಸಿಟ್ಟು ಬಂತು. ಒಣಮೀನು ಮಾರುವವರಿಗೆ ಏನು ಗೊತ್ತು ಎಂದು ಮನಸ್ಸಿನಲ್ಲಿಯೇ ಬೈದುಕೊಂಡು ಬಂದೆ. ಆ ಸಂಜೆಯೇ ಪ್ರಯಾಣದ ಮಾತಾಡಲು ಹಡಗಿನವರ ತಂಗಿಯ ಮನೆಗೆ ಹೋದೆ. ಅಂಗಳದಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳು ಅವರು ಹೊರಗೆ ಬಂದದ್ದೇ ತಡ, ತಲೆ ತಗ್ಗಿಸಿ ಒಳಗೆ ನಡೆದರು. ನೀರು ಬೆಲ್ಲ ತಂದಿಟ್ಟ ತಂಗಿ, ಅಣ್ಣ ಎದ್ದು ಆಚೆ ಹೋದಾಗ ಸಣ್ಣ ದನಿಯಲ್ಲಿ ಹೇಳಿದಳು. “ಅಣ್ಣ ಮನೇಲಿದ್ರೆ ನಾವು ಯಾರೂ ಸುಳ್ಳು ಹೇಳುದಿಲ್ಲ ಮಾಷ್ಟ್ರೇ. ನಿಜವೂ ಹೇಳುದಿಲ್ಲ. ಸುಮ್ಮನೆ ಕೂತ್ಕೊಳ್ತೇವೆ.” ನಾನು ನಕ್ಕುಬಿಟ್ಟೆ. ಮನೆಗೆ ಬಂದು ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೆ. ಸೋಮವಾರ ಕೊಡುವುದು, ಬುಧವಾರ ಸ್ಟೀಮರು.

ನಡುವಿನ ಆ ಭಾನುವಾರ ಕೊನೆಯದೊಂದು ಆಟವೆಂದು ಕೂಡಿದೆವು. ವಿಪರೀತ ಸೆಕೆ. ಗಾಳಿ ಪೂರ್ತಿ ನಿಂತಿತ್ತು, ಪಡುವಣದಲ್ಲಿ ಮೋಡ ಕಟ್ಟಿತ್ತು, ಮೀನಿನ ವಾಸನೆ ಕೋಣೆಯೊಳಗೆ ದಪ್ಪಗೆ ಕೂತಿತ್ತು. ಸಾವ್ಕಾರ್ರು ತಲೆಭಾರ ಎಂದರು. ಮಳೆ ಬಂದರೆ ಸರಿಯಾಗ್ತದೆ ಎಂದೂ ಅವರೇ ಹೇಳಿದರು.

ಮೂರನೆಯ ಆಟದಲ್ಲಿ ನನಗೆ ಮೂರು ರಾಜರು ಬಂದರು. ಅಷ್ಟರಲ್ಲಿ ಮಂಗಳೂರಿಗೆ ಹೋಗುವ ಮಧ್ಯಾಹ್ನದ ರೈಲಿನ ಹೊತ್ತಾಯಿತು. ಪೋರ್ಟರ ಎಲೆ ಕೆಳಗಿಟ್ಟು ಓಡಿದ. ಉಳಿದವರು ಮೂವರು. ಹಡಗಿನವರು ಹತ್ತು ಬೀಜ ಮುಂದಕ್ಕೆ ತಳ್ಳಿದರು. ಸಾವ್ಕಾರ್ರ ಸರದಿ.

ಅವರ ಬಾಯಿ ನಿಂತಿತ್ತು.

ದೊಡ್ಡ ಎಲೆ ಬಂದಿದೆ ಎಂದುಕೊಂಡೆ. ನೋಡುತ್ತಿದ್ದಂತೆ ತುಟಿಯ ಮೂಲೆಯಿಂದ ಕೆಂಪು ರಸ ಗಡ್ಡಕ್ಕೆ ಇಳಿದು ಬನಿಯನಿನ ಮೇಲೆ ಬಿತ್ತು. ಪೀಕದಾನಿ ಬಿಟ್ಟು ಎಲ್ಲಿಯೂ ಒಂದು ಹನಿ ಉಗುಳಿದವರಲ್ಲ ಅವರು. ಉಗುಳುವುದನ್ನೂ ಮರೆಯುವಂಥ ಎಲೆ ಬಂದಿರಬೇಕು ಎಂದುಕೊಂಡೆ. ಬಲಗೈ ಎಲೆಗಳ ಮೇಲೆ ಬಿದ್ದುಕೊಂಡಿತ್ತು. ಅವರು ತಲೆ ಎತ್ತಿ ನನ್ನ ಕಡೆ ನೋಡಿದರು. ಹಡಗಿನವರ ಕಡೆಗಲ್ಲ, ನನ್ನ ಕಡೆಗೆ. ಕಣ್ಣಿಗೆ ಕಣ್ಣಿಟ್ಟು ನೋಡಿದರು.

ನಾನು ಮುಖವನ್ನು ಗೋಡೆ ಮಾಡಿಕೊಂಡೆ.

“ಮಾ...” ಎಂದರು. ಮತ್ತೆ “ಮಾ...” ಎಂದರು. ನನ್ನನ್ನು ಕಲಕಲು ನಾಟಕ ಹೂಡಿದ್ದಾರೆ ಎಂದುಕೊಂಡೆ. “ಎಂತ ಸಾವ್ಕಾರ್ರೇ, ಉಂಟಾ, ಬಿಡ್ತೀರಾ?” ಎಂದು ಕೇಳಿದೆ. ಅವರ ಎಡಗೈ ಚಾಪೆಯನ್ನು ಒತ್ತಿತು, ಜಾರಿತು, ಅವರ ಬೀಜದ ರಾಶಿ ಪೂರ್ತಿಯಾಗಿ ನಡುವಿಗೆ ಬಂದು ಚೆಲ್ಲಿತು. ಇದ್ದುದನ್ನೆಲ್ಲ ಪಣಕ್ಕಿಟ್ಟರು ಎಂದು ನಾನು ತಿಳಿದೆ. ಏಳಲು ನೋಡಿದ್ದರು ಎಂದು ಈಗ ಗೊತ್ತು. ರೈಲು ಬಂತು. ಕಿಟಕಿಯಾಚೆ ಅದು ನಿಂತು ಹೊಗೆ ಬಿಡುತ್ತಿತ್ತು. ಮೂರು ರಾಜರು ಸಾಕೇ, ಸಾಲದೇ ಎಂದು ನಾನು ಯೋಚಿಸುತ್ತಿದ್ದೆ. ಎಂದೂ ಅಷ್ಟು ಚೆನ್ನಾಗಿ ಯೋಚಿಸಿದವನಲ್ಲ. ರೈಲು ಸೀಟಿ ಹಾಕಿ ಹೊರಟಿತು. ನಾನು ನನ್ನ ಬೀಜವನ್ನೆಲ್ಲ ಮುಂದಕ್ಕೆ ತಳ್ಳಿ “ನೋಡಿಯೇ ಬಿಡುವ” ಎಂದೆ.

ಸಾವ್ಕಾರ್ರು ಪಕ್ಕದ ಮೀನಿನ ಮೂಟೆಯ ಮೇಲೆ ಒರಗಿ ಹಾಗೆಯೇ ಬಿದ್ದರು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನನ್ನ ಕೈ ಮೊದಲು ಹೋದದ್ದು ಅವರ ಹೆಗಲಿಗಲ್ಲ. ಅವರ ಎಲೆಗಳಿಗೆ. ತಿರುಗಿಸಿ ನೋಡಿದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆ, ಒಂದು ಜೋಡಿ ಕೂಡ ಇರಲಿಲ್ಲ. ಅದನ್ನು ನೋಡಿದ ಮೇಲೆಯೇ ಅವರನ್ನು ಎತ್ತಲು ಹೋದೆ.

ಹೊರಗಿದ್ದ ಇಬ್ಬರನ್ನು ಕರೆದು, ಸಾವ್ಕಾರ್ರನ್ನು ಅಂಗಡಿಯ ಬೆಂಚಿನ ಮೇಲೆ ಮಲಗಿಸಿ ಪ್ಲಾಟ್‌ಫಾರ್ಮಿಗೆ ಹೊತ್ತು ತಂದಾಗ ತಿರುವಿನಾಚೆ ರೈಲಿನ ಹೊಗೆ ಮಾತ್ರ ಕಾಣುತ್ತಿತ್ತು. “ಒಂದು ಕೂಗು ಹಾಕಿದ್ರೆ ನಾನು ಗಾರ್ಡನ ಕಾಲು ಹಿಡಿದಾದ್ರೂ ನಿಲ್ಲಿಸ್ತಿದ್ದೆ ಮಾಷ್ಟ್ರೇ,” ಎಂದು ಪೋರ್ಟರ ಅತ್ತ. ಮಂಗಳೂರಿನ ಆಸ್ಪತ್ರೆಗೆ ಕೊಂಡೊಯ್ಯಲು ಮುಂದಿನ ರೈಲು ಸಂಜೆಗೆ.

ಅಲ್ಲಿ ಕಾಯುತ್ತ ಕುಳಿತಾಗ ಹಡಗಿನವರು ಬಂದು ನನ್ನ ಪಕ್ಕದಲ್ಲಿ ನಿಂತರು. ಷರಟಿನ ಮೇಲೆ ಒಂದು ಸುಕ್ಕಿರಲಿಲ್ಲ.

“ಹಡಗಿನಲ್ಲಿ ಇಂಥದ್ದು ಒಮ್ಮೆ ನೋಡಿದ್ದೇನೆ. ಕೈ ಬಿದ್ದಾಗಲೇ ನನಗೆ ಗೊತ್ತಾಯ್ತು,” ಎಂದರು.

“ಗೊತ್ತಿದ್ದೂ ಹೇಳ್ಲಿಲ್ವಾ?”

“ಆಟ ಮುಗ್ದಿರ್ಲಿಲ್ಲ.” ಮತ್ತೆ ಹೇಳಿದರು. “ಅವರು ಹಾಗೆ ನೋಡಿದ್ರು, ನೀವು ಮುಖ ಬಿಡ್ಲಿಲ್ಲ. ಇನ್ನು ನಿಮಗೆ ಕಲಿಸ್ಲಿಕ್ಕೆ ನನ್ನ ಹತ್ತಿರ ಎಂತದೂ ಇಲ್ಲ.”

ಅದುವರೆಗೆ ನನ್ನನ್ನು ಯಾರೂ ಅಷ್ಟು ಮನಸಾರೆ ಹೊಗಳಿರಲಿಲ್ಲ. ಜೇಬಿನ ಕಾಗದವನ್ನು ಅಲ್ಲೇ ಹರಿದು ಹಾಕಿದೆ. ಬುಧವಾರ ಅವರು ಒಬ್ಬರೇ ಹೋದರು. ನನ್ನ ಮೇಲೆ ಸಿಟ್ಟಾದರೋ ಇಲ್ಲವೋ, ಅವರ ಮುಖದಿಂದ ತಿಳಿಯುವಂತಿರಲಿಲ್ಲ.

ಬೇಗ ತಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಮಂಗಳೂರಿನ ಡಾಕ್ಟರರನ್ನು ಕೇಳಿದೆ. ಹೇಳಲಿಕ್ಕಾಗದು ಎಂದರು. ಆಗುತ್ತಿರಲಿಲ್ಲ ಎಂದು ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ ಎಂದು ಅವರ ಮೇಲೆ ನನಗೆ ಎಷ್ಟೋ ವರ್ಷ ಸಿಟ್ಟಿತ್ತು.

ಸಾವ್ಕಾರ್ರು ಬದುಕಿಕೊಂಡರು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮುಖದ ಒಂದು ಭಾಗ ಜೋತುಬಿತ್ತು. ಮಳೆಗಾಲ ಮುಗಿದ ಮೇಲೆ ಅವರನ್ನು ಅಂಗಡಿಯ ಹಿಂದಿನ ಅದೇ ಕೋಣೆಯಲ್ಲಿ ಚಾಪೆ ಹಾಕಿ ಕೂರಿಸುತ್ತಿದ್ದರು. ನಾನು ಶಾಲೆಯ ಕೆಲಸಕ್ಕೆ ಹಿಂದಿರುಗಿದ್ದೆ. ಪ್ರತಿ ಭಾನುವಾರ ಹೋಗುತ್ತಿದ್ದೆ. ಆ ದಿನದ ನನ್ನ ಮುಖ ಅವರಿಗೆ ನೆನಪಿದೆಯೇ ಎಂಬುದೊಂದೇ ನನಗೆ ಬೇಕಿದ್ದ ಉತ್ತರ. ಊರಿನವರ ಮುಖವನ್ನೆಲ್ಲ ಓದಬಲ್ಲವನಿಗೆ ಆ ಒಂದು ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಅವರು ಎಡಗೈಯನ್ನು ಚಾಪೆಯ ಕೆಳಗೆ ಹಾಕಿ ಇಸ್ಪೀಟಿನ ಕಟ್ಟು ತೆಗೆದರು. ನಮ್ಮ ಹಳೆಯ ಕಟ್ಟು, ಕಪ್ಪು ಕಲೆಯದ್ದು. ತುಂಬ ಹೊತ್ತು ತೆಗೆದುಕೊಂಡು ಐದೈದು ಎಲೆ ಹಾಕಿದರು. ಒಂದು ಕೈಯಲ್ಲಿ ಎಲೆಗಳನ್ನು ಹಿಡಿದು ಬಿಡಿಸಲಾಗದೆ ತಮ್ಮವನ್ನು ಮೇಲ್ಮುಖವಾಗಿ ಚಾಪೆಯ ಮೇಲೆಯೇ ಇಟ್ಟರು. ನಾನೂ ನನ್ನವನ್ನು ಹಾಗೆಯೇ ಇಟ್ಟೆ. ಎಲ್ಲವೂ ಎದುರಿಗೇ ಕಾಣುತ್ತಿತ್ತು. ನನ್ನದು ದೊಡ್ಡದಿತ್ತು. ಅವರು ಪಕ್ಕದಲ್ಲಿದ್ದ ಗೇರುಬೀಜದ ರಾಶಿಯನ್ನು ನನ್ನ ಕಡೆಗೆ ತಳ್ಳಿದರು. ಗೆದ್ದವನು ಹುರಿಯಬೇಕು.

ನಾನು ಏಳಹೊರಟಾಗ ಅವರು ಎಡಗೈಯಲ್ಲಿ ನನ್ನ ಮಣಿಕಟ್ಟನ್ನು ಹಿಡಿದರು. ಹಿಡಿದು, ಆ ದಿನ ನೋಡಿದಂತೆಯೇ ಕಣ್ಣಿಗೆ ಕಣ್ಣಿಟ್ಟು ನೋಡಿದರು. “ಮಾ...” ಎಂದರು.

ಈ ಸಲ ನನಗೆ ಎಲ್ಲವೂ ಗೊತ್ತಿತ್ತು. ಅಳಬೇಕೆಂದಿತ್ತು, ತಪ್ಪಾಯಿತು ಎನ್ನಬೇಕೆಂದಿತ್ತು, ಮುಖವನ್ನಾದರೂ ಅವರಿಗೆ ಬಿಚ್ಚಿ ತೋರಿಸಬೇಕೆಂದಿತ್ತು. ಹುಬ್ಬು ಏಳಲಿಲ್ಲ. ತುಟಿ ಅಲುಗಲಿಲ್ಲ. ಅವರು ನೋಡುತ್ತಲೇ ಇದ್ದರು, ನಾನು ಗೋಡೆಯ ಹಾಗೆ ಅವರ ಎದುರು ಕುಳಿತೇ ಇದ್ದೆ.