ಥರ್ಮಾಮೀಟರಮ್ಮನ ಪಾಠದಲ್ಲಿ ಬಿಟ್ಟುಹೋದ ಮಾತು

ಈ ಹೆಂಗಸರ ಆಸ್ಪತ್ರೆಗೆ ಆಯಾ ಆಗಿ ಸೇರಿದಾಗಿನಿಂದ ನಾನು ನೋಡುತ್ತಿರುವುದು ಅದೇ ಮಹಡಿಯ ಮೂಲೆಕೋಣೆ, ಅದೇ ಕಾಲು ಅಲುಗುವ ಮೇಜು, ಅದರ ಹಿಂದೆ ನಮ್ಮ ಸಿಸ್ಟರ್. ಬೆನ್ನ ಹಿಂದೆ ಎಲ್ಲರೂ ಅವರನ್ನು ಥರ್ಮಾಮೀಟರಮ್ಮ ಅನ್ನುತ್ತಾರೆ. ತಿಂಗಳಲ್ಲಿ ಯಾವಾಗ ಬಸಿರು ನಿಲ್ಲಬಹುದು, ಯಾವಾಗ ಇಲ್ಲ ಎಂದು ಮೈಯ ಗುರುತುಗಳಿಂದಲೇ ತಿಳಿಯುವುದನ್ನು ಹೆಂಗಸರಿಗೂ ಡಾಕ್ಟರಿಕೆ ಓದುವ ಮಕ್ಕಳಿಗೂ ಕಲಿಸುವುದು ಅವರ ಕೆಲಸ. ಹೆಂಗಸರು ನಾಚಿ ನೆಲ ನೋಡುತ್ತಾರೆ, ಓದುವ ಮಕ್ಕಳು ಕಿಸಕ್ಕೆನ್ನುತ್ತಾರೆ. ಹೇಳಿ ಹೇಳಿ ಅವರ ಗಂಟಲು ಬತ್ತಿದೆ, ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

"ಹಾಸಿಗೆ ಬಿಟ್ಟು ಏಳೋ ಮುಂಚೆ ಥರ್ಮಾಮೀಟರ್ ನಾಲಿಗೆ ಕೆಳಗೆ ಇಟ್ಕೊಳ್ಳಿ. ಬಿಸಿ ಏರಿ ಹಾಗೇ ನಿಂತ್ರೆ ಮೊಟ್ಟೆ ಹೊರಟುಹೋಯ್ತು, ಇನ್ನು ಆ ತಿಂಗಳು ಬಸಿರು ನಿಲ್ಲಲ್ಲ ಅಂತ ಅರ್ಥ. ಸ್ರಾವಾನೂ ನೋಡ್ಕೊಳ್ಳಿ, ಎರಡೂ ತಾಳೆಯಾಗ್ಬೇಕು."

ಗುಂಡಿ ಹೊಲಿಯುವ ಒಬ್ಬ ಟೈಲರ್ ಹುಡುಗಿಗೂ ಇದೇ ಪಾಠವಾಗಿತ್ತು. ಹೃದಯದ ಆಪರೇಷನ್ ಆದವಳು. ಈಗ ಬಸಿರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ಎಚ್ಚರಿಸಿದ್ದರು. ಮಾತ್ರೆ ಅವಳ ಮೈಗೆ ಆಗದು, ಬೇರೆ ಉಪಾಯಗಳಿಗೆ ಗಂಡ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಇದೊಂದನ್ನೇ ನಂಬ್ಕೋಬೇಡ ತಾಯಿ" ಎಂದು ಸಿಸ್ಟರ್ ಎಷ್ಟು ಬಡಕೊಂಡರೂ ಅವಳಿಗೆ ಉಳಿದದ್ದು ಇದೊಂದೇ. ಆ ಗಂಡನ ಕಿವಿ ಹಿಂಡಬೇಕೆಂದು ನನ್ನ ಕೈ ತುರಿಸುತ್ತಿತ್ತು.

ಚಳಿಗಾಲದಲ್ಲಿ ಅವಳು ಬಸಿರಾಗಿ ಬಂದಳು.

"ಬೆಳಿಗ್ಗೆ ಎಚ್ಚರ ಆದ್ಮೇಲೆ ಏನೇನು ಮಾಡ್ತೀಯ? ಒಂದೊಂದೇ ಹೇಳು," ಎಂದರು ಸಿಸ್ಟರ್.

"ಏಳೋದೇ ಇಲ್ಲ ಸಿಸ್ಟರ್. ಚಳಿ ಶುರುವಾದಾಗಿಂದ ಅತ್ತೆ ಹಾಸಿಗೆಗೇ ಟೀ ತಂದ್ಕೊಡ್ತಾರೆ. ಕುಡಿದು, ಮಲಗಿದ್ದ ಹಾಗೇ ನೋಡ್ಕೋತೀನಿ. ಆಗಿಂದ ಬಿಸಿ ಏರೇ ಇತ್ತು. ಸ್ರಾವ ಬೇರೆ ಥರ ಇತ್ತು, ಆದ್ರೆ ಥರ್ಮಾಮೀಟರ್ ಸುಳ್ಳು ಹೇಳುತ್ತಾ ಅಂದ್ಕೊಂಡೆ."

ಅಯ್ಯೋ ದೇವರೇ! ಏರಿದ್ದು ಮೈಯ ಬಿಸಿಯಲ್ಲ, ಟೀಯ ಬಿಸಿ. ಥರ್ಮಾಮೀಟರ್ ಇಡುವ ಮೊದಲು ಏನೂ ಕುಡಿಯಬಾರದು ಎಂಬ ಮಾತು ಸಿಸ್ಟರ್ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹೇಗೆ ಬಂದೀತು? ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವ ಸೊಸೆಯರನ್ನೇ ನಾವು ಇಷ್ಟು ವರ್ಷ ಕಂಡದ್ದು. ಸೊಸೆಯ ಹಾಸಿಗೆಗೆ ಟೀ ತರುವ ಅತ್ತೆಯೊಬ್ಬಳು ಇದ್ದಾಳೆಂದು ಯಾರು ಎಣಿಸಿದ್ದರು?

ಹುಡುಗಿಗೂ ಹೊಳೆಯಿತು. ಸಿಸ್ಟರ್ ಕೈ ಹಿಡಿದುಕೊಂಡಳು. "ಅತ್ತೆಗೆ ಮಾತ್ರ ಹೇಳ್ಬೇಡಿ. ನಮ್ಮಮ್ಮನೂ ನಂಗೆ ಹಾಗೆ ತಂದ್ಕೊಟ್ಟಿರ್ಲಿಲ್ಲ."

ಹೃದಯ ತಾಳುವುದಿಲ್ಲವೆಂದು ಡಾಕ್ಟರ್ ಬಸಿರನ್ನು ತೆಗೆಯಲೇಬೇಕಾಯಿತು. ಜೀವ ಉಳಿಯಿತು. ವಾರ್ಡಿನ ಹೊರಗೆ ಅತ್ತೆ ಸಿಸ್ಟರನ್ನು ತಡೆದು ನಿಲ್ಲಿಸಿದರು.

"ಅವಳು ಏನು ತಪ್ಪು ಮಾಡಿದ್ಳು, ಹೇಳಿ. ಕೇಳಿದ್ರೆ ಬಾಯೇ ಬಿಡಲ್ಲ."

"ಅವಳು ತಪ್ಪು ಮಾಡಿಲ್ಲಮ್ಮ. ನಾನೇ ಸರಿಯಾಗಿ ಹೇಳ್ಕೊಡ್ಲಿಲ್ಲ."

ತಗೋ, ಶುರುವಾಯಿತು! ಸಂಬಳ ಎಣಿಸೋಕೆ ಮಾತ್ರ ಬರುತ್ತಾ, ಮಗಳ ಥರ ಇರೋ ಹುಡುಗೀನ ಸಾವಿನ ಬಾಗಿಲಿಗೆ ಕಳಿಸಿದ್ರಲ್ಲಾ ಎಂದು ಅತ್ತೆ ಸಿಸ್ಟರ ನೀರಿಳಿಸಿಬಿಟ್ಟರು. ಓದುವ ಮಕ್ಕಳೆಲ್ಲ ನಿಂತು ನೋಡಿದರು. ನನಗೆ ತಡೆಯಲಾಗಲಿಲ್ಲ, ಟೀಯ ವಿಷಯ ಹೇಳಲು ಬಾಯಿ ತೆರೆದೆ. ಸಿಸ್ಟರ್ ನನ್ನ ಕಾಲು ತುಳಿದರು.

ಬೈದು ಸುಸ್ತಾಗಿ ಅತ್ತೆ ಬೆಂಚಿನ ಮೇಲೆ ಕುಸಿದರು. "ನನ್ನ ಕೈಲಿ ಆಗಿದ್ದೆಲ್ಲಾ ಮಾಡ್ದೆ," ಎಂದು ಅಳತೊಡಗಿದರು.

ಸಿಸ್ಟರ್ ಪಕ್ಕದಲ್ಲಿ ಕೂತು, "ಗೊತ್ತಮ್ಮ," ಎಂದರು.