ಟಿವಿಯಲ್ಲಿ ಸಪ್ಪೆಯಾದ ಧಾರೆ ಸೀರೆ

ವಾಕಿಂಗ್, ಸ್ನಾನ, ಪೇಪರ್. ನನ್ನ ಬೆಳಗಿನ ಈ ಕ್ರಮವನ್ನು ಮಳೆಯಾಗಲಿ ಮುಷ್ಕರವಾಗಲಿ ಕದಲಿಸಿದ್ದಿಲ್ಲ. ಕಳೆದ ಸೋಮವಾರ ಒಂದು ಕೇಬಲ್ ಕದಲಿಸಿತು. ಸ್ನಾನವೂ ಇಲ್ಲದೆ ಬೀದಿಯಲ್ಲಿ ಓಡಿದೆ!

ಹಿಂದಿನ ದಿನ ಪಕ್ಕದ ಮನೆಯ ಗಂಗಾಧರಪ್ಪ ಬಂದಿದ್ದರು. ನಮ್ಮ ದೊಡ್ಡಬಳ್ಳಾಪುರದಲ್ಲೇ ಮಗ್ಗ ಇಟ್ಟವರು. ಮಗಳ ಧಾರೆ ಸೀರೆಯನ್ನು ಸ್ವಂತ ಮಗ್ಗದಲ್ಲೇ ನೇಯಬೇಕೆಂಬ ಹಟ. ಮಗಳದ್ದೂ ಒಂದು ಹಟ: ತೀರಿಕೊಂಡ ಅಜ್ಜಿಯ ಸೀರೆಯ ಹಸಿರೇ ಬೇಕು. ಆ ಸೀರೆ ಧಾರವಾಡದ ಅತ್ತೆಯ ಬೀರುವಿನಲ್ಲಿದೆ. ಹುಡುಗಿ ಅಲ್ಲಿಗೆ ಹೋದಾಗ ವಿಡಿಯೊ ಮಾಡಿ ಕಳಿಸಿದ್ದಳು.

“ನನ್ ಫೋನಲ್ಲಿ ಏನ್ ತಿಳೀತದೆ ಸಾರ್? ನಿಮ್ ದೊಡ್ ಟಿವೀಲಿ ಹಾಕಿ” ಎಂದರು. ಕೈಯಲ್ಲಿ ಮಾದರಿಗೆಂದು ತಂದ ತರಾವರಿ ಹಸಿರಿನ ರೇಷ್ಮೆ ಲಡಿಗಳು.

ವಿಡಿಯೊವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದನ್ನು ಟಿವಿಗೆ ಜೋಡಿಸಿದೆ. ಫೋರ್‌ಕೆ, ಎಚ್‌ಡಿಆರ್: ಬೆಳಕು, ನೆರಳು, ಬಣ್ಣ ಎಲ್ಲವೂ ಎದ್ದು ಕಾಣುವ ವಿಡಿಯೊ. ಚಿತ್ರ ಬಂತು. ಪರದೆ ಕಪ್ಪಾಯಿತು. ಮತ್ತೆ ಬಂತು, ಮತ್ತೆ ಕಪ್ಪು. ಇಂಥ ಅಶಿಸ್ತು ನನಗಾಗದು. (ಮನೆಯಾಕೆ ಇದನ್ನು ಕಾಯಿಲೆ ಎನ್ನುತ್ತಾಳೆ.) ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ, ಕೇಬಲ್ ಚುಚ್ಚಿದ್ದ ಪೋರ್ಟಿಗೆ ‘ಎನ್‌ಹಾನ್ಸ್‌ಡ್’ ಎಂದಿದ್ದುದನ್ನು ಆಫ್ ಮಾಡಿದೆ. ಚಿತ್ರ ತೆಪ್ಪಗೆ ನಿಂತಿತು.

ಗಂಗಾಧರಪ್ಪ ಲಡಿಗಳನ್ನು ಒಂದೊಂದಾಗಿ ಪರದೆಗೆ ಹಿಡಿದರು. ಕೊನೆಗೆ ಒಂದು ಮಾಸಲು ಹಸಿರು ಹೊಂದಿತು.

“ನಮ್ಮಮ್ಮನ ಸೀರೆ ಇಷ್ಟ್ ಸಪ್ಪೆ ಇತ್ತಾ?”

“ಫೋರ್‌ಕೆ ಟಿವಿ ಕಣ್ರೀ. ಇದಕ್ಕಿಂತ ಸ್ಪಷ್ಟ ಬೇಕಾ?” ಎಂದೆ.

“ಹಂಗಾದ್ರೆ ಹಳೇದಾಗಿ ಬಣ್ಣ ಬಿಟ್ಟಿರ್ಬೇಕು” ಎಂದು, ಅದೇ ಬಣ್ಣ ಹಾಕಿಸಲು ಆ ಲಡಿಯನ್ನು ಬೇರೆ ಎತ್ತಿಟ್ಟುಕೊಂಡು ಹೋದರು.

ಸೋಮವಾರ ವಾಕಿಂಗ್ ಮುಗಿಸಿ, ಕೇಬಲ್ ಕಿತ್ತು ಲ್ಯಾಪ್‌ಟಾಪ್ ತೆರೆದೆ. ಅದೇ ವಿಡಿಯೊ, ಅದೇ ಸೀರೆ. ಆದರೆ ಕಡು ಹಸಿರು!

ಓಡಿದೆ. ಬೀದಿಯ ಕೊನೆಯ ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ನನ್ನ ಕೂಗು ಗಂಗಾಧರಪ್ಪನವರಿಗೆ ಕೇಳಲಿಲ್ಲ. ಭುಜ ಹಿಡಿದು ಹೊರಗೆಳೆದೆ.

“ನೂಲು ಬಣ್ಣಕ್ಕೆ ಹೋಯ್ತೇನ್ರೀ?”

“ಬೆಳಗಿನ ಜಾವಾನೇ ಹೋಯ್ತಲ್ಲ ಸಾರ್. ಯಾಕೆ?”

ವಿಷಯ ಹೇಳಿದೆ. ಬಣ್ಣ ಹಾಕುವವನಿಗೆ ಫೋನ್ ಹಚ್ಚಿದರು. ರಿಂಗಾಗುತ್ತಲೇ ಇದೆ, ಎತ್ತುತ್ತಿಲ್ಲ. ನನ್ನ ಕಾಲು ನಿಂತಲ್ಲಿ ನಿಲ್ಲದು. ಕೊನೆಗೂ ಎತ್ತಿದ. ನೂಲು ಬಣ್ಣದಲ್ಲಿ ಮುಳುಗಿ ಎದ್ದಾಗಿತ್ತು.

“ಕೂತ್ಕಳಿ ಸಾರ್, ನಿಮ್ಗೆ ಬಿಪಿ ಏರ್ತದೆ” ಎಂದರು ಗಂಗಾಧರಪ್ಪ. “ತೆಳು ಬಣ್ಣದ್ ಮೇಲೆ ಕಡು ಬಣ್ಣ ಕೂರ್ತದೆ. ಉಲ್ಟಾ ಆಗಿದ್ದಿದ್ರೆ ಕಥೆ ಮುಗೀತಿತ್ತು.”

ಮನೆಯಿಂದ ಕೇಬಲ್ ಹಿಡಿದುಕೊಂಡು, ಬಾಗಿಲು ತೆರೆಯುವ ಹೊತ್ತಿಗೇ ಟಿವಿ ಅಂಗಡಿಯ ರಿಯಾಜ್ ಬಳಿ ಹೋದೆ. ನಡೆದದ್ದನ್ನು ಕೇಳಿ, ಕೇಬಲ್ ನೋಡಿ ನಕ್ಕರು.

“ಟಿವಿ ಹೊಸಾದು, ಲ್ಯಾಪ್‌ಟಾಪ್ ಹೊಸಾದು, ವೈರ್ ಮಾತ್ರ ಹಳೇ ಟಿವೀದು! ಪಿನ್ ಕೂತ್ರೆ ಸಾಕಾ ಸಾರ್? ಅಷ್ಟು ಡೇಟಾ ಹೊರೋ ತಾಕತ್ ಬೇಡ್ವಾ? ಪರದೆ ಕಪ್ಪಾಗಿ ಕಪ್ಪಾಗಿ ಅದನ್ನೇ ಹೇಳ್ತಿತ್ತು. ನೀವು ಸೆಟ್ಟಿಂಗ್ ಆಫ್ ಮಾಡಿ ಬಾಯಿ ಮುಚ್ಚಿಸಿದ್ರಿ. ಎಚ್‌ಡಿಆರೂ ಹೋಯ್ತು, ಬಣ್ಣಾನೂ ಹೋಯ್ತು.”

ಹೊಸ ಕೇಬಲ್ ಹಾಕಿ, ಆಫ್ ಮಾಡಿದ್ದನ್ನು ಆನ್ ಮಾಡಿದೆ. ಸಂಜೆ ಗಂಗಾಧರಪ್ಪ ಪರದೆಯ ಮುಂದೆ ನಿಂತರು. ಈ ಸಲ ಲಡಿ ಹಿಡಿಯಲೇ ಇಲ್ಲ.

“ಇದೇ. ಅಮ್ಮ ಗೌರಿ ಹಬ್ಬಕ್ಕೆ ಉಡ್ತಿದ್ದಿದ್ದು ಇದೇ” ಎಂದರು.

ತಾಯಿಯ ಸೀರೆ ಹೇಗಿತ್ತೆಂದು ಭಾನುವಾರವೂ ಮಗನಿಗೆ ಗೊತ್ತಿತ್ತಲ್ಲ. ಹಾಗಿದ್ದರೂ ಟಿವಿಯನ್ನೇಕೆ ನಂಬಿದೆವು?